ಅತ್ತೆಯ ಭಾರ

ಕಾಡುಹಂದಿಗಳಿಗೆ ಮೊದಲು ಕೇಳಿಸಿದ್ದು ಉನಾನನ ಏದುಸಿರು.

ಗಾಳಿ ಎದುರಿನಿಂದ ಬೀಸುತ್ತಿತ್ತು. ನಾಯಿಗಳು ಸದ್ದು ಮಾಡದೆ ನಿಂತಿದ್ದವು. ಮುಂದೆ ಹೋಗುತ್ತಿದ್ದ ಅವನ ಹೆಂಡತಿ ತುಪಾ ಕೈಯೆತ್ತಿ ತೋರಿಸಿದ ಕಡೆ, ತಾಳೆಮರಗಳ ಬುಡದ ಕೆಸರಿನಲ್ಲಿ ಇಪ್ಪತ್ತು ಮೂವತ್ತು ಹಂದಿಗಳು ಉದುರಿದ ಕಾಯಿಗಳನ್ನು ಕಟಕಟ ಕಡಿಯುತ್ತಿದ್ದವು. ಹೊಡೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿರಲಿಲ್ಲ. ಆದರೆ ದಿಬ್ಬ ಹತ್ತಿ ಬಂದಿದ್ದ ಉನಾನನ ಎದೆ ತಿದಿಯ ಹಾಗೆ ಏರಿಳಿಯುತ್ತಿತ್ತು. ಬಾಯಿ ಮುಚ್ಚಿದರೆ ಮೂಗು ಸದ್ದು ಮಾಡುತ್ತಿತ್ತು, ಮೂಗು ಬಿಗಿಹಿಡಿದರೆ ಬಾಯಿ ತಾನಾಗಿ ತೆರೆದುಕೊಳ್ಳುತ್ತಿತ್ತು. ಅಂಚಿನಲ್ಲಿದ್ದ ಒಂದು ಹೆಣ್ಣುಹಂದಿ ತಲೆಯೆತ್ತಿತು. ಉನಾನ್ ಆತುರದಿಂದ ಗುರಿ ಹಿಡಿದ. ಉಸಿರಿನ ಜೊತೆ ಕೋವಿಯ ತುದಿಯೂ ಮೇಲೆ ಕೆಳಗೆ ಆಡಿತು. ಗುಂಡು ತಾಳೆಮರಕ್ಕೆ ಬಿತ್ತು. ಹಿಂಡು ಕಾಡು ಸೀಳಿಕೊಂಡು ಓಡಿತು.

"ಓಡು," ಎಂದಳು ತುಪಾ.

ಓಡಿದ. ನೂರು ಹೆಜ್ಜೆಗೆ ಪಕ್ಕೆಯಲ್ಲಿ ಚಳಕು ಹೊಡೆಯಿತು, ಇನ್ನೂರು ಹೆಜ್ಜೆಗೆ ಕಣ್ಣು ಮಂಜಾಯಿತು. ಬಿದ್ದ ಮರವೊಂದರ ಮೇಲೆ ಕುಸಿದು ಕುಳಿತಾಗ ನಾಯಿಗಳ ಬೊಗಳಿಕೆಯೂ ತುಪಾಳ ಕೂಗೂ ದೂರ ದೂರ ಹೋಗಿ ಕಡೆಗೆ ಕಾಡಿನಲ್ಲಿ ಕರಗಿಹೋದವು. ಎಷ್ಟೋ ಹೊತ್ತಿನ ಮೇಲೆ ಅವಳು ಬಂದಳು. ಮೈಯೆಲ್ಲ ಮುಳ್ಳು ಗೀರಿತ್ತು. ಬೆನ್ನ ಮೇಲಿನ ಬುಟ್ಟಿಯಲ್ಲಿ ಒಂದು ಆಮೆ ಇತ್ತು.

ಹಟ್ಟಿ ಸೇರಿದಾಗ ಆಮೆಯನ್ನು ನೋಡಿದವಳು ಅತ್ತೆ ಕೋಯಾ. ಅರವತ್ತು ದಾಟಿದ ಮುದುಕಿ, ಉನಾನನ ಎದೆಯವರೆಗೆ ಬರುವ ಎತ್ತರ, ಆದರೆ ಮೈ ಮಾತ್ರ ನೀರು ಕುಡಿದ ದಿಮ್ಮಿಯ ಹಾಗೆ ಗಟ್ಟಿ.

"ಆಮೆ ತಂದ್ಯಾ ಅಳಿಯ? ಒಳ್ಳೇದಾಯ್ತು ಬಿಡು. ಅದೊಂದೇ ತಾನೆ ನಿಂಗಿಂತ ನಿಧಾನ ಇರೋದು."

"ಅದನ್ನ ಹಿಡಿದಿದ್ದೂ ನಾನೇ ಅಮ್ಮ," ಎಂದಳು ತುಪಾ, ಬುಟ್ಟಿ ಇಳಿಸುತ್ತ.

ಮುದುಕಿ ನಕ್ಕ ನಗೆಗೆ ನೆರೆಮನೆಯ ಹೆಂಗಸರೂ ಇಣುಕಿ ನೋಡಿದರು.

ಒಂದೂಕಾಲು ವರ್ಷದ ಹಿಂದೆ ಉನಾನ್ ಹೀಗಿರಲಿಲ್ಲ. ಗಾಲ್ವೆಸ್ ನದಿಯ ಮೇಲಿನ ಹಳ್ಳಿಗಳಲ್ಲೆಲ್ಲ ಅವನ ಕಾಲಿನ ಬಗ್ಗೆ ಮಾತಾಡುತ್ತಿದ್ದರು. ಉದ್ದಕೈ ಕೋತಿಗಳು ಮರದ ತುದಿಯಲ್ಲಿ ಜಿಗಿಯುತ್ತ ಹೋದರೆ ಅವನು ನೆಲದ ಮೇಲೆ ಅವುಗಳ ನೆರಳಿನ ಜೊತೆ ಓಡುತ್ತಿದ್ದ. ಆಮೇಲೆ ಪೇಟೆಯಲ್ಲಿ ದೋಣಿ ನಡೆಸುವ ಕೆಲಸ ಸಿಕ್ಕಿತು. ಬೆಳಗಿನಿಂದ ಸಂಜೆಯವರೆಗೆ ಇಂಜಿನ್ ಪಕ್ಕದಲ್ಲಿ ಕುಳಿತಿರುವುದು, ಒಂದು ಕೈಯಲ್ಲಿ ಅದರ ಹಿಡಿ, ಇನ್ನೊಂದು ಕೈಯಲ್ಲಿ ಬಿಸ್ಕತ್ತಿನ ಪೊಟ್ಟಣ. ಮಧ್ಯಾಹ್ನ ಅನ್ನ, ಸಂಜೆ ನೂಡಲ್ಸ್, ಲೋಟಕ್ಕೆ ನಾಲ್ಕು ಚಮಚ ಸಕ್ಕರೆ ಹಾಕಿದ ಕಾಫಿ. ಕೆಲಸ ಮುಗಿದು ಊರಿಗೆ ಬಂದ ದಿನ ದಡದಿಂದ ಮನೆಗೆ ಏರುವ ಚಿಕ್ಕ ದಿಣ್ಣೆಯ ಮೇಲೆ ಎರಡು ಸಲ ನಿಂತಿದ್ದ. ಅದನ್ನೂ ಅತ್ತೆ ನೋಡಿದ್ದಳು. "ಮೊದಲು ಹೊಟ್ಟೆ ಬಂತು, ಅಳಿಯ ಹಿಂದೆ ಬರ್ತಾ ಇದ್ದಾನೆ," ಎಂದು ಮಗಳಿಗೆ ಕೂಗಿ ಹೇಳಿದ್ದಳು.

ಆ ಆಮೆಯ ದಿನದಿಂದ ಉನಾನನಿಗೆ ಕುಳಿತಲ್ಲಿ ಕುಳಿತಿರಲಾಗಲಿಲ್ಲ. ಜೋಲಿಯಲ್ಲಿ ಮಲಗಿದರೆ ಮೈಯೊಳಗೆ ಇರುವೆ ಹರಿದಾಡಿದಂತಾಗುತ್ತಿತ್ತು. ಎದ್ದು ಬಾಣಗಳನ್ನು ಒರೆಸಿ ಮತ್ತೆ ಮೂಲೆಗಿಡುತ್ತಿದ್ದ. ಕೋವಿಗೆ ಎಣ್ಣೆ ಹಾಕುತ್ತಿದ್ದ. ಹೊಳೆಗೆ ಹೋಗಿ ನೀರಿನಲ್ಲಿ ತನ್ನ ಮುಖ ನೋಡಿಕೊಂಡು, ಗಲ್ಲದ ಕೆಳಗಿನ ಮಾಂಸ ಹಿಡಿದು ಎಳೆದು, ವಾಪಸ್ಸು ಬರುತ್ತಿದ್ದ. ಈ ಮೈ ಯಾರದ್ದೋ ಎರವಲು ತಂದ ಅಂಗಿಯ ಹಾಗೆ ಅವನಿಗೆ ಅನಿಸುತ್ತಿತ್ತು.

ಕಡೆಗೆ ಒಂದು ಬೆಳಗ್ಗೆ ನಾಚಿಕೆ ಬಿಟ್ಟು ಬೆಸೋನ ಮನೆಗೆ ಹೋದ. ಬೆಸೋ ತುಪಾಳ ಅಣ್ಣ. ಈಗ ಊರಿನಲ್ಲಿ ಅವನಷ್ಟು ಬೇಟೆ ತರುವವರು ಇನ್ನೊಬ್ಬರಿಲ್ಲ.

"ಭಾವ, ಕಪ್ಪೆ ಹಾಕು ನಂಗೆ," ಎಂದ ಉನಾನ್.

ಬೆಸೋ ಬಾಳೆಹಣ್ಣಿನ ಗಂಜಿ ಕುಡಿಯುತ್ತಿದ್ದವನು ಸೋರೆಬುರುಡೆ ಕೆಳಗಿಟ್ಟ. ಇಂಥದ್ದನ್ನು ಯಾರೂ ತಮಾಷೆಗೆ ಕೇಳುವುದಿಲ್ಲ. ಮರಗಪ್ಪೆಯ ವಿಷವನ್ನು ಮೈಗೆ ಹಚ್ಚುವವನ ಕಾಲು, ಕಣ್ಣು, ಗುರಿ ಎಲ್ಲವೂ ಹಚ್ಚಿಸಿಕೊಂಡವನಿಗೆ ಇಳಿಯುತ್ತದೆ. ಆದ್ದರಿಂದ ಕೇಳುವುದೆಂದರೆ, ನೀನು ನನಗಿಂತ ಗಟ್ಟಿಗ ಎಂದು ಬಾಯಿಬಿಟ್ಟು ಒಪ್ಪಿಕೊಂಡಂತೆ. ಹಿಂದೆ ಇದೇ ಉನಾನ್ ಬೆಸೋನಿಗೆ ಹಚ್ಚಿದ್ದ.

"ಮಳೆ ಬರಲಿ," ಎಂದ ಬೆಸೋ.

ಮಳೆ ಬಂದ ಮಾರನೇ ದಿನ ಬೆಳಕು ಹರಿಯುವ ಹೊತ್ತಿಗೆ ಹೊಳೆಯ ಬದಿಯ ಮರದಿಂದ ಕಪ್ಪೆ ಕೂಗಿತು. ಬೆಸೋ ಮರ ಹತ್ತಿ, ಅದು ಕುಳಿತ ರೆಂಬೆಯನ್ನೇ ಮುರಿದುಕೊಂಡು ಇಳಿದ. ಎಲೆಹಸಿರು ಬಣ್ಣದ, ಅಂಗೈ ತುಂಬುವ ಕಪ್ಪೆ. ನಾಲ್ಕು ಕೋಲು ನೆಟ್ಟು ಅದರ ನಾಲ್ಕು ಕಾಲಿಗೂ ನಾರು ಕಟ್ಟಿ ಹಿಡಿದ. ಪಾದಕ್ಕೆ ಕಡ್ಡಿಯಿಂದ ಕಚಗುಳಿಯಿಟ್ಟಾಗ ಬೆನ್ನ ಮೇಲೆ ಬಿಳಿಯ ಹಾಲು ಒಸರಿತು. ಅದನ್ನು ಬಿದಿರಿನ ಚಕ್ಕೆಗೆ ಕೆರೆದುಕೊಂಡು ಕಪ್ಪೆಯನ್ನು ಮತ್ತೆ ಮರಕ್ಕೆ ಬಿಟ್ಟ.

ಉನಾನ್ ಹೊಟ್ಟೆ ಬಿರಿಯುವಷ್ಟು ಗಂಜಿ ಕುಡಿದು ಬಂದು ಕುಳಿತ. ಬೆಸೋ ಕೆಂಡವಾಗಿದ್ದ ಬಳ್ಳಿಯ ತುದಿಯಿಂದ ಅವನ ಎದೆಯ ಮೇಲೆ ಮೂರು ಚುಕ್ಕೆ ಸುಟ್ಟ, ಸುಟ್ಟ ತೊಗಲು ಕೆರೆದ, ಎಂಜಲಿನಲ್ಲಿ ಕಲಸಿದ ಹಾಲನ್ನು ಅದರ ಮೇಲೆ ಒತ್ತಿದ.

"ನನ್ನ ಕಾಲು ನಿನಗೆ ಬರಲಿ. ನನ್ನ ಕಣ್ಣು ನಿನಗೆ ಬರಲಿ," ಎಂದು ಹೇಳಿ, ಮೆಲ್ಲಗೆ ಸೇರಿಸಿದ: "ಹೊಟ್ಟೆ ಮಾತ್ರ ನಿಂದೇ ಇರಲಿ ಭಾವ, ನಂಗೆ ಬೇಡ."

ಉನಾನನಿಗೆ ನಗಲು ಪುರುಸೊತ್ತಿರಲಿಲ್ಲ. ಕಿವಿಯಲ್ಲಿ ಜಲಪಾತ ಬಿದ್ದ ಹಾಗಾಯಿತು. ನೆತ್ತಿಯಿಂದ ಬೆಂಕಿ ಇಳಿಯಿತು, ಎದೆ ಪಕ್ಕೆಯನ್ನು ಒಡೆದು ಹೊರಬರುವ ಹಾಗೆ ಬಡಿಯಿತು, ಮುಖ ಊದಿ ಕಣ್ಣು ಗೀರಾಯಿತು. ಮಂಡಿಯೂರಿ ವಾಂತಿ ಮಾಡಿದ. ಕುಡಿದ ಗಂಜಿಯೆಲ್ಲ ಹೋಗಿ, ಹಳದಿ ಪಿತ್ತ ಹೋಗಿ, ಹೋಗಲು ಇನ್ನೇನೂ ಇಲ್ಲದಾದ ಮೇಲೂ ಹೊಟ್ಟೆ ಹಿಂಡುತ್ತಲೇ ಇತ್ತು. ಆಮೇಲೆ ಸತ್ತವನ ಹಾಗೆ ಮಲಗಿದ.

ಎದ್ದಾಗ ಲೋಕ ತೊಳೆದಿಟ್ಟ ಹಾಗಿತ್ತು. ಎಲೆಯ ಮೇಲೆ ಎಲೆ ಉಜ್ಜುವ ಸದ್ದು ಕೇಳುತ್ತಿತ್ತು. ಮಾರನೇ ದಿನ ಎರಡು ಕೋತಿ ಹೊಡೆದ. ಅದರ ಮಾರನೇ ದಿನ ಒಂದು. ಅತ್ತೆ ಮಾಂಸ ಬೇಯಿಸಿ, ಏನೂ ಅನ್ನದೆ ಬಡಿಸಿದಳು.

ನಾಲ್ಕನೇ ದಿನ ದಿಬ್ಬದ ಮೇಲೆ ಅದೇ ಚಳಕು ಬಂತು.

ಉನಾನ್ ಬಿದಿರಿನ ಚಕ್ಕೆಯ ಮೇಲೆ ಒಣಗಿ ಉಳಿದಿದ್ದ ವಿಷ ತಂದು ಮತ್ತೆ ಹಚ್ಚಿಸಿಕೊಂಡ. ಈ ಸಲ ಐದು ಚುಕ್ಕೆ. ಮೂರು ದಿನ ಬಿಟ್ಟು ಮತ್ತೆ ಬಂದ. ಏಳು ಚುಕ್ಕೆ ಬೇಕೆಂದ. ಬೆಸೋ ಹಚ್ಚಿದ, ಆದರೆ ಮುಖ ಗಂಟಿಕ್ಕಿಕೊಂಡಿತ್ತು. ಅದಾದ ಮೇಲೆ ಉನಾನ್ ಯಾರಿಗೂ ಹೇಳದೆ ತಾನೇ ತೋಳಿನ ಮೇಲೆ ಚುಕ್ಕೆ ಸುಟ್ಟುಕೊಂಡು ಹಚ್ಚಿಕೊಂಡ. ತನ್ನಲ್ಲಿಲ್ಲದ ಬಲವನ್ನು ತಾನೇ ತನಗೆ ಹೇಗೆ ಕೊಟ್ಟುಕೊಳ್ಳುತ್ತಾನೆ ಎಂಬ ಯೋಚನೆ ಕೂಡ ಅವನಿಗೆ ಬರಲಿಲ್ಲ. ಹೊಳೆಯ ದಡದಲ್ಲಿ ಮುಖ ನೀರಿಗೆ ಹಾಕಿಕೊಂಡು ಬಿದ್ದಿದ್ದವನನ್ನು ಬಟ್ಟೆ ಒಗೆಯಲು ಬಂದ ತುಪಾ ಕಾಲು ಹಿಡಿದು ಮೇಲಕ್ಕೆಳೆದಳು.

ಎಚ್ಚರವಾದಾಗ ತಲೆಯ ಹತ್ತಿರ ಅತ್ತೆ ಕುಳಿತಿದ್ದಳು. ಎಲೆಯಲ್ಲಿ ಗಾಳಿ ಹಾಕುತ್ತಿದ್ದಳು.

"ಸಾಯೋ ಆಸೆ ಇದ್ರೆ ಮೊದಲೇ ಹೇಳು, ಮಗಳಿಗೆ ಇನ್ನೊಬ್ಬನ್ನ ನೋಡ್ತೀನಿ. ನಿಮ್ಮ ಮನೆತನದಲ್ಲೇ ಇದ್ದಾರೆ ಇಬ್ಬರು."

"ಅತ್ತೆ, ಮೈ ನನ್ನ ಮಾತು ಕೇಳ್ತಿಲ್ಲ."

"ಕಪ್ಪೆ ಸೋಮಾರಿತನ ಓಡಿಸುತ್ತೆ, ಅಷ್ಟೇ ಅದರ ಕೆಲಸ. ಓಡಿಸಿದ ಮೇಲೆ ನೀನು ನಡೀಬೇಕಪ್ಪ. ನಿನ್ನ ಬದಲು ಅದು ನಡೆಯುತ್ತಾ?" ಮುದುಕಿ ಎದ್ದಳು. "ನಾಳೆ ನನ್ನ ಜೊತೆ ತೋಟಕ್ಕೆ ಬಾ. ಬಾಳೆಗೊನೆ ಹೊರೋಕೆ ಜನ ಇಲ್ಲ."

ತೋಟದಿಂದ ಗೊನೆ ಹೊತ್ತು ತರುವುದು ಹೆಂಗಸರ ಕೆಲಸ. ಬೇರೆ ಸಮಯವಾಗಿದ್ದರೆ ಉನಾನ್ ಕಿವಿಗೂ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಜೋಲಿಯಲ್ಲಿ ಬಿದ್ದುಕೊಂಡು ಮಾಡಿನ ಎಲೆ ನೋಡುವುದಕ್ಕಿಂತ ಏನಾದರೂ ಸರಿ ಎನಿಸಿತ್ತು. ಹೋದ. ಬುಟ್ಟಿಗೆ ಕಟ್ಟಿದ ತೊಗಟೆಯ ಪಟ್ಟಿಯನ್ನು ಹಣೆಗೆ ಹಾಕಿಕೊಂಡು, ಮೂರು ಗೊನೆ ಹೊತ್ತು, ಎರಡು ಹಳ್ಳ ಒಂದು ದಿಬ್ಬ ದಾಟಿ ಬರುವಷ್ಟರಲ್ಲಿ ಕತ್ತು ಮುರಿದೇ ಹೋಯಿತು ಎಂದುಕೊಂಡ. ಮುಂದೆ ಹೋಗುತ್ತಿದ್ದ ಮುದುಕಿಯ ಬುಟ್ಟಿಯಲ್ಲಿ ನಾಲ್ಕು ಗೊನೆಗಳಿದ್ದವು. ಅವಳು ಮಾತು ಕೂಡ ನಿಲ್ಲಿಸಿರಲಿಲ್ಲ.

"ಭಾರನ ಕತ್ತಿನ ಮೇಲೆ ಹಾಕ್ಬೇಡ, ಸೊಂಟಕ್ಕೆ ಇಳಿಸು. ಉಸಿರು ಹೆಜ್ಜೆ ಜೊತೆ ಬಿಡು. ಎರಡು ಹೆಜ್ಜೆಗೆ ಒಳಗೆ, ಎರಡು ಹೆಜ್ಜೆಗೆ ಹೊರಗೆ. ಇದನ್ನೂ ನಾನು ಹೇಳಿಕೊಡ್ಬೇಕಾ? ಕೋತಿ ಹಿಂದೆ ಓಡ್ತಿದ್ದವನಂತೆ ಇವನು."

ಹೀಗೆ ಆರು ವಾರ ನಡೆಯಿತು. ಬೆಳಗ್ಗೆ ಅತ್ತೆಯ ಬಾಳೆಗೊನೆ, ಮಧ್ಯಾಹ್ನ ತುಪಾಳ ಮರಗೆಣಸು, ಸಂಜೆ ಸೌದೆ. ನಡುವೆ ಕೊಡಲಿ ಹಿಡಿದು ಹೊಸ ತೋಟಕ್ಕೆಂದು ಮರ ಕಡಿದ. ಯಾರಾದರೂ ನೋಡಿ ನಕ್ಕಾರು ಎಂದು ತಲೆ ತಗ್ಗಿಸಿಕೊಂಡೇ ಓಡಾಡಿದ. ಮೈ ಏನಾಗುತ್ತಿದೆ ಎಂದು ನೋಡಿಕೊಳ್ಳಲಿಲ್ಲ, ನೋಡಿಕೊಳ್ಳುವ ಧೈರ್ಯವೂ ಇರಲಿಲ್ಲ. ಒಳಗಿನ ಇರುವೆಗಳು ಮಾತ್ರ ಹಾಗೇ ಇದ್ದವು. ಸಂಜೆ ಗಂಡಸರು ಒಂದು ಕಡೆ ಕುಳಿತು ಆ ದಿನದ ಬೇಟೆಯ ಮಾತಾಡುವಾಗ ಅವನು ಸೌದೆಯ ನೆಪ ಹೇಳಿ ಎದ್ದುಬಿಡುತ್ತಿದ್ದ.

ಮಳೆ ನಿಂತು ಹೊಳೆ ಬತ್ತಿದಾಗ ಗಂಡಸರು ಹತ್ತು ದಿನದ ದೊಡ್ಡ ಬೇಟೆಗೆ ಹೊರಟರು. ಉನಾನ್ ಕೋವಿ ಒರೆಸಿ, ಚೀಲ ಕಟ್ಟಿಕೊಂಡು ಬಂದು ನಿಂತ. ಬೆಸೋ ಅವನನ್ನು ಪಕ್ಕಕ್ಕೆ ಕರೆದ.

"ಭಾವ, ಬೇಜಾರು ಮಾಡ್ಕೋಬೇಡ. ದೂರ ಹೋಗ್ತೀವಿ. ನೀನು ಮಧ್ಯದಲ್ಲಿ ಕೂತುಬಿಟ್ರೆ ನಿನ್ನನ್ನ ಕಾಯ್ಬೇಕೋ, ಹಂದಿ ಹಿಂದೆ ಹೋಗ್ಬೇಕೋ? ಮುಂದಿನ ಸಲ ಬಾ."

"ಆಯ್ತು," ಎಂದ ಉನಾನ್. ನಾಯಿಗಳು ಕಣ್ಮರೆಯಾಗುವವರೆಗೂ ಅಲ್ಲೇ ನಿಂತಿದ್ದ. ಆಮೇಲೆ ಚೀಲ ಬಿಚ್ಚಿ, ಬುಟ್ಟಿ ಹೊತ್ತು, ಅತ್ತೆಯ ಹಿಂದೆ ತೋಟಕ್ಕೆ ಹೋದ. ಊರಿನಲ್ಲಿ ಉಳಿದದ್ದು ಹೆಂಗಸರು, ಮಕ್ಕಳು, ಇಬ್ಬರು ಮುದುಕರು, ಅವನು.

ಏಳನೆಯ ದಿನ ತೋಟದಲ್ಲಿ ಕೋಯಾ ಬಾಳೆಯ ಬುಡದ ಒಣಗಿದ ಸೋಗೆ ಎಳೆಯುತ್ತಿದ್ದಳು. ಉನಾನ್ ಹತ್ತು ಮಾರು ದೂರದಲ್ಲಿ ಗೊನೆ ಕಡಿಯುತ್ತಿದ್ದ. ಮಚ್ಚು ನೆಲಕ್ಕೆ ಬಡಿದ ಸದ್ದು ಕೇಳಿತು, ಒಂದಾದ ಮೇಲೆ ಒಂದು, ನಾಲ್ಕು ಸಲ. ತಿರುಗಿ ನೋಡಿದರೆ ಅತ್ತೆ ಬಾಳೆಯ ದಿಂಡಿಗೆ ಒರಗಿ ನಿಂತಿದ್ದಳು. ಕಾಲ ಬುಡದಲ್ಲಿ ತೋಳು ದಪ್ಪದ ಕಂದು ಹಾವು ಎರಡು ತುಂಡಾಗಿ ಇನ್ನೂ ಹೊರಳಾಡುತ್ತಿತ್ತು. ಅವಳ ಕಾಲಿನ ಹರಡಿನ ಮೇಲೆ ಎರಡು ಕೆಂಪು ಚುಕ್ಕೆಗಳಿದ್ದವು.

"ಬುಟ್ಟಿ ಖಾಲಿ ಮಾಡು ಅಳಿಯ," ಎಂದಳು. "ಈವತ್ತು ಬಾಳೆಕಾಯಿ ಬೇಡ."

ಹಾವಿನ ಮದ್ದು ಇರುವುದು ಪೇಟೆಯಲ್ಲಿ. ಹೊಳೆಯಲ್ಲಿ ಮೊಣಕಾಲಿನಷ್ಟೂ ನೀರಿರಲಿಲ್ಲ, ಉದ್ದಕ್ಕೂ ಬಿದ್ದ ಮರಗಳು. ದೋಣಿಗಳನ್ನೆಲ್ಲ ಕೆಳಗೆ, ಹೊಳೆ ದೊಡ್ಡ ನದಿಗೆ ಸೇರುವ ಕಡೆ ಕಟ್ಟಿದ್ದರು. ಅಲ್ಲಿಗೆ ಬರಿಗೈಯಲ್ಲಿ ನಡೆದರೆ ನಾಲ್ಕು ಗಂಟೆಯ ದಾರಿ. ನಡೆದರೆ ವಿಷ ಬೇಗ ಏರುತ್ತದೆ, ಅತ್ತೆಯನ್ನು ನೆಲಕ್ಕೆ ಕಾಲಿಡಿಸುವಂತಿರಲಿಲ್ಲ.

ಮಕ್ಕಳನ್ನು ಊರಿನಲ್ಲಿ ನೆರೆಮನೆಯವರ ಬಳಿ ಬಿಟ್ಟು ಪಕ್ಕದ ಮರಗೆಣಸಿನ ತೋಟಕ್ಕೆ ಬಂದಿದ್ದ ತುಪಾ, ಉನಾನನ ಕೂಗು ಕೇಳಿ ಓಡಿ ಬಂದಳು. ತಾಯಿಯ ಕಾಲನ್ನು ಎರಡು ಕೋಲಿನ ನಡುವೆ ಇಟ್ಟು ಅಲುಗಾಡದ ಹಾಗೆ ಸಡಿಲವಾಗಿ ಸುತ್ತಿದಳು. ಉನಾನ್ ಮರದ ತೊಗಟೆಯಿಂದ ಅಂಗೈಯಗಲದ ಪಟ್ಟಿ ಸುಲಿದು, ಅತ್ತೆಯ ಕೆಳಗೆ ಹಾಕಿ, ಮೇಲಿನ ತುದಿಯನ್ನು ತನ್ನ ಹಣೆಗೆ ತಂದುಕೊಂಡ. ಅತ್ತೆ ಅವನ ಬೆನ್ನಿಗೆ ಬೆನ್ನು ಕೊಟ್ಟು ಕುಳಿತಳು. ಅವನು ಬಾಳೆಯ ದಿಂಡು ಹಿಡಿದು ಎದ್ದು ನಿಂತ.

"ಏಳು ಗೊನೆ ತೂಕ ಇದ್ದೀನಿ ನಾನು. ನೀನು ಇದುವರೆಗೆ ಹೊತ್ತಿದ್ದು ಜಾಸ್ತಿ ಅಂದ್ರೆ ಐದು," ಎಂದಿತು ಬೆನ್ನ ಹಿಂದಿನ ದನಿ.

"ಸುಮ್ಮನಿರಿ ಅತ್ತೆ."

"ಯಾಕೆ ಸುಮ್ಮನಿರ್ಲಿ? ಕಚ್ಚಿರೋದು ಕಾಲಿಗೆ, ನಾಲಿಗೆಗಲ್ಲ."

ಮೊದಲ ಗಂಟೆ ದಾರಿ ಸಮತಟ್ಟು. ಉನಾನ್ ನೆಲ ನೋಡಿಕೊಂಡು, ಎರಡು ಹೆಜ್ಜೆಗೆ ಉಸಿರು ಒಳಗೆ, ಎರಡು ಹೆಜ್ಜೆಗೆ ಹೊರಗೆ ಎಂದು ನಡೆದ. ತುಪಾ ಮುಂದೆ ಹೋಗಿ ಅಡ್ಡ ಬಂದ ಬಳ್ಳಿಗಳನ್ನು ಸವರುತ್ತಿದ್ದಳು. ಬೆವರು ಕಣ್ಣಿಗಿಳಿದರೆ ಒರೆಸಲು ಕೈ ಬಿಡುವಿರಲಿಲ್ಲ. ಹಿಂದಿನಿಂದ ಅತ್ತೆಯ ಮಾತು ನಿಂತಿರಲಿಲ್ಲ. ಗಂಡ ಬದುಕಿದ್ದಾಗ ಒಂದು ಇಡೀ ಹಂದಿಯನ್ನು ಹೆಗಲ ಮೇಲೆ ಹಾಕಿಕೊಂಡು ಈ ಹಳ್ಳವನ್ನು ಹಾರಿದ್ದನಂತೆ. ಹಾರಿದ್ದಲ್ಲ, ಬಿದ್ದಿದ್ದು, ಹಂದಿ ಅವನ ಮೇಲೆ ಬಿದ್ದಿದ್ದು ಎಂದು ತಾನೇ ತಿದ್ದಿ ತಾನೇ ನಕ್ಕಳು. ನಗುವಾಗ ಅವಳ ಬೆನ್ನು ಅವನ ಬೆನ್ನಿಗೆ ತಾಗಿ ಕುಲುಕಿತು.

ಎರಡನೆಯ ಗಂಟೆಯಲ್ಲಿ ಮಾತು ಕಡಿಮೆಯಾಯಿತು. ನೀರು ಕೇಳಿದಳು. ಕುಡಿದದ್ದನ್ನು ವಾಂತಿ ಮಾಡಿದಳು. ಇಳಿಸಿ ನೋಡಿದಾಗ ಕಾಲು ಮೊಣಕಾಲಿನವರೆಗೆ ಊದಿ ಹೊಳೆಯುತ್ತಿತ್ತು. ಒಸಡಿನಲ್ಲಿ ರಕ್ತವಿತ್ತು. ತುಪಾ ತಾಯಿಯ ಬಾಯಿ ಒರೆಸಿ, ಆ ಬಟ್ಟೆಯನ್ನು ಉನಾನನಿಗೆ ಕಾಣದ ಹಾಗೆ ಮಡಚಿಟ್ಟುಕೊಂಡಳು. ಅವನು ಕಂಡಿದ್ದ.

ಆಮೇಲೆ ಏರು ಬಂತು. ಕೆಂಪುಮಣ್ಣಿನ ಕಡಿದಾದ ಏರು, ಹಿಡಿಯಲು ಬೇರುಗಳಷ್ಟೇ. ಉನಾನ್ ಅರ್ಧ ಹತ್ತಿದ. ಅಲ್ಲಿ ತೊಡೆಗಳು ತಾವಾಗಿ ಕುಣಿಯತೊಡಗಿದವು. ಒಂದು ಹೆಜ್ಜೆ ಎತ್ತಿದ, ಕಾಲು ಏಳಲಿಲ್ಲ. ಮತ್ತೆ ಎತ್ತಿದ. ಮಂಡಿ ಮಣ್ಣಿಗೆ ಊರಿತು. ಬೆನ್ನ ಮೇಲಿನ ಭಾರ ಪಕ್ಕಕ್ಕೆ ವಾಲಿದಾಗ ತುಪಾ ಹಿಂದೆ ಬಂದು ತಾಯಿಯನ್ನು ಹಿಡಿದಳು.

"ಪಟ್ಟಿ ಕೊಡು."

"ಒಂದು ನಿಮಿಷ. ಹತ್ತುತ್ತೀನಿ."

"ನಿನ್ನ ನಿಮಿಷಕ್ಕೆ ಅವಳು ಕಾಯಲ್ಲ. ಕೊಡು."

ಕೊಟ್ಟ. ತುಪಾ ಪಟ್ಟಿಯನ್ನು ಹಣೆಗೆ ಹಾಕಿಕೊಂಡು, ಕೈಯಲ್ಲಿ ಬೇರು ಹಿಡಿದು, ಮೈ ಮುಂದಕ್ಕೆ ಬಾಗಿಸಿ, ಒಂದೊಂದೇ ಹೆಜ್ಜೆ ಏರಿದಳು. ಅವಳ ಮೀನಖಂಡಗಳು ಹಗ್ಗ ಹೊಸೆದ ಹಾಗೆ ಗಂಟುಕಟ್ಟಿದ್ದವು. ಉನಾನ್ ಹಿಂದಿನಿಂದ ಅತ್ತೆಯ ಸೊಂಟಕ್ಕೆ ಕೈಕೊಟ್ಟು ಹತ್ತಿದ. ಹೊರೆ ಇಳಿದ ಅವನ ಮೈ ಹಗುರವಾಗಿತ್ತು. ಹಗುರವಾಗಿರುವುದು ಅವನಿಗೆ ಎಂದೂ ಅಷ್ಟು ಅಸಹ್ಯವೆನಿಸಿರಲಿಲ್ಲ. ಏರಿನ ತುದಿಯಲ್ಲಿ ತುಪಾಳ ಮೂಗಿನಿಂದ ರಕ್ತ ಸುರಿಯಿತು. ಅವಳು ಕೈಬೆನ್ನಿನಿಂದ ಒರೆಸಿಕೊಂಡು ಮುಂದೆ ನಡೆಯಲು ನೋಡಿದಳು.

"ಈಗ ನನಗೆ ಕೊಡು," ಎಂದ.

ಅವಳು ಅವನ ಕಾಲು ನೋಡಿದಳು, ಮುಖ ನೋಡಿದಳು, ಕೊಟ್ಟಳು.

ಇಳಿಜಾರು ಮುಗಿದ ಮೇಲೆ ಉಳಿದ ದಾರಿ ಅವನಿಗೆ ಸರಿಯಾಗಿ ನೆನಪಿಲ್ಲ. ನೆನಪಿರುವುದು ಬೆನ್ನ ಹಿಂದಿನ ಮೌನ. ಮೊದಲು ಅದು ಆರಾಮವೆನಿಸಿತು. ಆಮೇಲೆ ಭಾರದ ಬಗೆ ಬದಲಾಯಿತು. ಕುಳಿತವಳ ಭಾರ ಹೋಗಿ, ಕಟ್ಟಿದ ಮೂಟೆಯ ಭಾರ ಬಂತು. ತಲೆ ಅವನ ಹೆಗಲಿಗೆ ಬಡಿಯುತ್ತಿತ್ತು.

"ಅತ್ತೆ," ಎಂದ.

ತಲೆ ಮತ್ತೆ ಹೆಗಲಿಗೆ ಬಡಿಯಿತು.

"ಅತ್ತೆ, ಏನಾದ್ರೂ ಅನ್ನಿ. ಆಮೆ ಅನ್ನಿ. ಹೊಟ್ಟೆ ಅನ್ನಿ."

ತುಪಾ ಮುಂದೆ ನಿಂತು ತಿರುಗಿದಳು. ಅವಳ ಮುಖ ನೋಡಲಾರದೆ ಉನಾನ್ ನೆಲ ನೋಡಿಕೊಂಡು ಅವಳನ್ನು ದಾಟಿಯೇ ಹೋದ. ನಡಿಗೆ ಓಟಕ್ಕೆ ತಿರುಗಿದ್ದು ಅವನಿಗೆ ಗೊತ್ತಾಗಲಿಲ್ಲ. ಬೇರು, ಕೆಸರು, ಹಳ್ಳ, ಹಳ್ಳದ ಮೇಲೆ ಬಿದ್ದ ಜಾರುವ ಮರ, ಎಲ್ಲವೂ ಕಾಲಿನ ಕೆಳಗೆ ಬಂದು ಹಿಂದೆ ಹೋದವು. "ನಿಮ್ಮ ಗಂಡ ಹಾರಿರಲಿಲ್ಲ ಅತ್ತೆ, ಬಿದ್ದಿದ್ದು," ಎಂದು ಗಟ್ಟಿಯಾಗಿ ಹೇಳುತ್ತಿದ್ದ. "ಇಡೀ ಊರಿಗೆ ಗೊತ್ತು. ನಿಮ್ಮ ಮೂಗು ತಾಳೆಕಾಯಿ ಥರ ಇದೆ. ನೀವು ಮಾಡೋ ಗಂಜಿ ನಾಯಿನೂ ಮೂಸಲ್ಲ." ಬಾಯಿಗೆ ಬಂದದ್ದೆಲ್ಲ ಅಂದ. ಹತ್ತು ವರ್ಷದಲ್ಲಿ ಅನ್ನಲು ಧೈರ್ಯ ಬಾರದೆ ನುಂಗಿದ್ದನ್ನೆಲ್ಲ ಅಂದ.

ಬಹಳ ದೂರ ಹೋದ ಮೇಲೆ ಹಿಂದಿನಿಂದ ಕೆಮ್ಮಿನಂಥ ಸದ್ದು ಬಂತು.

"ಗಂಜಿ... ಮೂರು ಬುರುಡೆ ಕುಡೀತೀಯಲ್ಲೋ."

ಉನಾನ್ ಅತ್ತುಬಿಟ್ಟ. ಅಳುತ್ತಲೇ ಓಡಿದ.

ನದಿಯ ಕೂಡಲಿನಲ್ಲಿ ಎರಡು ಮನೆಗಳಿದ್ದವು. ಅಲ್ಲಿನವನೊಬ್ಬ ಇಂಜಿನ್ ಹಚ್ಚಿದ. ಉನಾನ್ ತಾನೇ ನಡೆಸುತ್ತೇನೆಂದು ಕೈ ಚಾಚಿದ, ಆದರೆ ಬೆರಳುಗಳು ಮಡಚಿದ್ದು ಮಡಚಿದ ಹಾಗೇ ಇದ್ದವು, ಬಿಡಿಸಲು ಬರಲಿಲ್ಲ. ದೋಣಿಯ ತಳದಲ್ಲಿ ಅತ್ತೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಸಂಜೆಗೆ ಮುಂಚೆ ಪೇಟೆ ಮುಟ್ಟಿದರು.

ಆಸ್ಪತ್ರೆಯ ನರ್ಸು ಒಂದಾದ ಮೇಲೊಂದು ಸೀಸೆ ಮದ್ದು ಕೊಟ್ಟಳು. "ಇನ್ನೊಂದೆರಡು ಗಂಟೆ ತಡವಾಗಿದ್ರೆ ನಾನೇನೂ ಮಾಡೋಕಾಗ್ತಿರಲಿಲ್ಲ," ಎಂದಳು. "ಈಗಲೂ ಏನೂ ಹೇಳೋಕಾಗಲ್ಲ. ಕಾಯಬೇಕು." ತುಪಾ ತಾಯಿಯ ಪಕ್ಕ ನೆಲದ ಮೇಲೆ ಮಲಗಿದಳು. ಉನಾನನಿಗೆ ಕಾಯುವುದೇ ಆಗಲಿಲ್ಲ. ಹೊರಗೆ ಬೆಂಚಿನ ಮೇಲೆ ಕುಳಿತ, ಎದ್ದ. ಕಾಲಿನಲ್ಲಿ ಪ್ರಾಣವಿಲ್ಲದಿದ್ದರೂ ವಿಮಾನ ಇಳಿಯುವ ಹುಲ್ಲುಬಯಲಿನ ಉದ್ದಕ್ಕೆ ನಡೆದ, ತುದಿ ಮುಟ್ಟಿ ತಿರುಗಿದ. ಎರಡು ದಿನ ಹೀಗೇ. ಹಳೆಯ ದೋಣಿಯ ಗೆಳೆಯರು ಮಾತಾಡಿಸಿದರು, ಕಾಫಿ ಕುಡಿ ಎಂದರು. ಅವನು ನಿಂತುಕೊಂಡೇ ಕುಡಿದ.

ಮೂರನೆಯ ದಿನ ಒಳಗೆ ಹೋದಾಗ ಅತ್ತೆ ಕಣ್ಣು ಬಿಟ್ಟಿದ್ದಳು. ಕಾಲು ಕಪ್ಪುಗಟ್ಟಿತ್ತು. ಎರಡು ಬೆರಳು ಹೋಗುತ್ತವೆ, ಕಾಲು ಉಳಿಯುತ್ತದೆ ಎಂದು ನರ್ಸು ಹೇಳಿದ್ದಳು. ಪಕ್ಕದಲ್ಲಿ ನೂಡಲ್ಸಿನ ತಟ್ಟೆ ಮುಟ್ಟದೆ ಇತ್ತು.

"ಇದನ್ನ ತಿಂದೇ ನೀನು ಹಾಗಾಗಿದ್ದು," ಎಂದಳು. "ಮನೆಗೆ ಹೋಗು. ಮಕ್ಕಳು ಏನು ತಿಂತಾವೆ? ಇಲ್ಲಿ ಹುಲ್ಲು ಸವೆಸಬೇಡ."

ಕೂಡಲಿನವರೆಗೆ ದೋಣಿ ಸಿಕ್ಕಿತು. ಅಲ್ಲಿಂದ ಒಬ್ಬನೇ ನಡೆದ. ಬೆನ್ನ ಮೇಲೆ ಏನೂ ಇರಲಿಲ್ಲ. ಅದೇ ಒಂದು ತೊಂದರೆಯ ಹಾಗಿತ್ತು, ಕಾಲುಗಳು ತಡೆಯಿಲ್ಲದೆ ಮುಂದೆ ಮುಂದೆ ಹೋಗುತ್ತಿದ್ದವು. ಕೆಂಪುಮಣ್ಣಿನ ಏರಿನ ಕೆಳಗೆ ಮೂಗಿಗೆ ವಾಸನೆ ಬಡಿಯಿತು. ಆಮೇಲೆ ಕಟಕಟ ಸದ್ದು. ಹಂದಿಗಳು. ಐವತ್ತಕ್ಕಿಂತ ಹೆಚ್ಚು. ಉನಾನನ ಕೈಯಲ್ಲಿ ಮಚ್ಚು ಕೂಡ ಇರಲಿಲ್ಲ, ಅದು ತುಪಾಳ ಬಳಿಯೇ ಉಳಿದಿತ್ತು. ಸುಮ್ಮನೆ ನಿಂತು ನೋಡಬಹುದಿತ್ತು. ಅಷ್ಟರಲ್ಲಿ ಗಾಳಿ ತಿರುಗಿತು, ಹಿಂಡು ಎದ್ದಿತು, ಅವನೂ ಓಡಿದ.

ಯಾಕೆ ಓಡಿದ ಎಂದು ಕೇಳಿದರೆ ಅವನಲ್ಲಿ ಉತ್ತರವಿರಲಿಲ್ಲ. ಹಿಂಡಿನ ಬಾಲಕ್ಕೆ ಹತ್ತಿ, ಏರು ಹತ್ತಿ, ಬೆನ್ನುದಿಣ್ಣೆಯ ಮೇಲೆ ಅವುಗಳ ಬದಿಗೆ ಬಂದು, ಇಳಿಜಾರಿನಲ್ಲಿ ಒಂದು ಮರಿಹಂದಿಯ ಪಕ್ಕದಲ್ಲೇ ಐದಾರು ಹೆಜ್ಜೆ ಹಾಕಿದ. ಅವು ಹಳ್ಳ ದಾಟಿ ಆಚೆಯ ಜೌಗಿಗೆ ನುಗ್ಗಿದಾಗ ಮಾತ್ರ ನಿಂತ. ಮಂಡಿಗೆ ಕೈಕೊಟ್ಟು ಉಸಿರಾಡಿದ. ಉಸಿರು ಜೋರಾಗಿ ಬಂತು, ನಿಧಾನವಾಯಿತು, ತನ್ನ ಪಾಡಿಗೆ ತಾನು ಇಳಿದು ಕುಳಿತಿತು. ಅವನು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತು ಅದನ್ನು ಕೇಳಿಸಿಕೊಂಡ.

ಊರಿಗೆ ಬಂದರೆ ಗಂಡಸರು ಆ ಮಧ್ಯಾಹ್ನವಷ್ಟೇ ಮರಳಿದ್ದರು. ಬೇಟೆ ಅಷ್ಟೇನೂ ಸಿಕ್ಕಿರಲಿಲ್ಲ. ಬೆಸೋ ದಾರಿಗೆ ಎದುರು ಬಂದು ಅವನ ಎರಡೂ ತೋಳು ಹಿಡಿದ. ತಾಯಿಯ ಸುದ್ದಿಯನ್ನೆಲ್ಲ ಕೇಳಿ ತಿಳಿದುಕೊಂಡ.

"ಏರು ಪೂರ್ತಿ ನೀನೇ ಹತ್ತಿದ್ಯಾ?"

"ಇಲ್ಲ. ಅರ್ಧ ತುಪಾ ಹತ್ತಿದಳು."

ಬೆಸೋ ತಲೆಯಾಡಿಸಿದ. ಉನಾನ್ ಹಂದಿಗಳ ಸುದ್ದಿ ಹೇಳಿದ. ಆಚೆ ಜೌಗಿನಲ್ಲಿ ಇಳಿದಿವೆ, ನಾಳೆಯವರೆಗೆ ಅಲ್ಲೇ ಇರುತ್ತವೆ ಎಂದ.

"ನಿಂಗೆ ಹೇಗೆ ಗೊತ್ತು ಅಲ್ಲೇ ಇಳಿದವು ಅಂತ?"

"ಜೊತೆಗೆ ಓಡಿದೆ."

"ಕೋವಿ ಇಲ್ದೆ?"

"ಹ್ಞೂಂ."

"ಹುಚ್ಚ," ಎಂದ ಬೆಸೋ. ಆಮೇಲೆ, "ಬೆಳಗ್ಗೆ ಕೂಗ್ತೀನಿ. ಮುಂದೆ ನೀನೇ ನಡಿ," ಎಂದ.

ಬೆಳಗ್ಗೆ ಬೆಸೋ ಕೂಗಿದ್ದು, ಜೋಲಿ ಹಿಡಿದು ಅಲ್ಲಾಡಿಸಿದ್ದು, ಕಾಲಿಗೆ ಒದ್ದದ್ದು, ನಾಯಿಗಳು ಮುಖ ನೆಕ್ಕಿದ್ದು ಯಾವುದೂ ಉನಾನನಿಗೆ ತಿಳಿಯಲಿಲ್ಲ. ಎಚ್ಚರವಾದಾಗ ನೆರಳು ಆಚೆಗೆ ವಾಲಿತ್ತು. ಊರಿಡೀ ಹಂದಿಯ ಕೂದಲು ಸುಟ್ಟ ವಾಸನೆ. ಬೆಸೋನ ಹೆಂಡತಿ ಹಂದಿಯ ಹಿಂದಿನ ತೊಡೆಯೊಂದನ್ನು ಬಾಗಿಲಲ್ಲಿ ಇಟ್ಟು ಹೋಗಿದ್ದಳು.

ಉನಾನ್ ಅದರ ಅರ್ಧವನ್ನು ಮಕ್ಕಳಿಗೆ ಬೇಯಿಸಿದ, ಉಳಿದರ್ಧವನ್ನು ಹೊಗೆಗೆ ಕಟ್ಟಿದ. ಪೂರ್ತಿ ಒಣಗುವವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಮಾರನೇ ದಿನ ಬೆಳಕಾಗುತ್ತಲೇ ಎಲೆಯಲ್ಲಿ ಸುತ್ತಿ ಹೊರಟ. ಮಧ್ಯಾಹ್ನದ ಹೊತ್ತಿಗೆ ಪೇಟೆಯ ಆಸ್ಪತ್ರೆಯಲ್ಲಿ ಅತ್ತೆಯ ಮುಂದೆ ಎಲೆ ಬಿಚ್ಚಿದ. ಮುದುಕಿ ಎದ್ದು ಗೋಡೆಗೊರಗಿ ಕುಳಿತಳು. ತುಪಾ ಮಾಂಸ ಹರಿದು ಹರಿದು ಕೊಟ್ಟಳು.

"ಯಾರು ಹೊಡೆದಿದ್ದು?" ಅತ್ತೆ ಕೇಳಿದಳು.

"ಬೆಸೋ."

"ನೀನೇನು ಮಾಡ್ತಿದ್ದೆ?"

"ಮಲಗಿದ್ದೆ."

ಅತ್ತೆ ಅಗಿಯುತ್ತ ಅವನನ್ನೇ ನೋಡಿದಳು. ಅವನ ಹಣೆಯ ಮೇಲೆ ತೊಗಟೆಯ ಪಟ್ಟಿ ಕೊರೆದ ಗಾಯ ಇನ್ನೂ ಹಸಿಯಾಗಿತ್ತು. ಬೆರಳಿನ ಜಿಡ್ಡನ್ನು ಒರೆಸಿಕೊಳ್ಳದೆ ಅದನ್ನೇ ಆ ಗಾಯಕ್ಕೆ ಮೆಲ್ಲಗೆ ಸವರಿದಳು.

"ಕೂತ್ಕೋ," ಎಂದಳು.

ಉನಾನ್ ಕುಳಿತ. ಸ್ವಲ್ಪ ಹೊತ್ತು.